ಗೀರು ನೋಡಿ ಮೋಸ ಹೋದೆ: ಮಲೆನಾಡಿನ ಬೈಕು ಟೈರಿನ ಪಾಠ

ನಾನು ಬಿದ್ದಿದ್ದು ಮಳೆಗಾಲದಲ್ಲಲ್ಲ, ಡಿಸೆಂಬರ್‌ನಲ್ಲಿ.

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಒಂದು ಕಾಫಿ ತೋಟದಲ್ಲಿ ನನಗೆ ರೈಟರ್ ಕೆಲಸ. ಬೆಳಗ್ಗೆ ಆಳುಗಳು ಬರುವಷ್ಟರಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿರಬೇಕು. ಹಾಗಾಗಿ ಮಂಜು ಬಿಡುವ ಮೊದಲೇ ಯೂನಿಕಾರ್ನ್ ಬೈಕು ಹತ್ತಿ ಹೊರಡುತ್ತೇನೆ. 2023ರಲ್ಲಿ ಹಣ್ಣು ಕುಯ್ಲು ಜೋರಾಗಿದ್ದ ಸಮಯ. ಮರಗಳ ಕೆಳಗಿನ ತಿರುವು, ಇಬ್ಬನಿಗೆ ತೊಯ್ದ ಟಾರು, ಮೇಲೆ ನಾಲ್ಕಾರು ಸಿಲ್ವರ್ ಓಕ್ ಎಲೆ. ಸ್ಪೀಡು 35 ದಾಟಿರಲಿಲ್ಲ. ಮುಂದಿನ ಬ್ರೇಕನ್ನು ಸುಮ್ನೆ ಮುಟ್ಟಿದೆ. ಮುಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟ ಹಾಗೆ ಸರಕ್ಕನೆ ಹೋಯಿತು. ಮೊಣಕೈ ತರಚಿತು, ಇಂಡಿಕೇಟರ್ ಮುರಿಯಿತು, ಟಿಫನ್ ಬಾಕ್ಸಿನ ಅಕ್ಕಿರೊಟ್ಟಿ ಚರಂಡಿ ಪಾಲಾಯಿತು.

ಎದ್ದು ಮೊದಲು ನೋಡಿದ್ದು ಟೈರನ್ನೇ. ಗೀರು, ಅಂದರೆ ಟೈರಿನ ಮೈಮೇಲಿನ ಕಾಲುವೆಯಂಥ ಅಚ್ಚು, ಚೆನ್ನಾಗೇ ಇತ್ತು. ಇನ್ನೂ ಒಂದು ವರ್ಷ ಓಡಿಸಬಹುದು ಅನ್ನುವಷ್ಟು. ತಪ್ಪು ಇಬ್ಬನಿಯದ್ದೇ ಅಂದುಕೊಂಡೆ.

ಸಂಜೆ ಪಂಚರ್ ಅಂಗಡಿ ಅಣ್ಣನ ಹತ್ತಿರ ಹೋದೆ. ಅವನು ಗೀರು ನೋಡಲೇ ಇಲ್ಲ. ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿದ. ಗುರುತೇ ಬೀಳಲಿಲ್ಲ. ಪಕ್ಕದಲ್ಲಿದ್ದ ಹೊಸ ಟೈರಿಗೆ ಒತ್ತಿ ತೋರಿಸಿದ. ಉಗುರು ಸ್ವಲ್ಪ ಒಳಗೆ ಹೋಗಿ, ಗುರುತು ಮೂಡಿ, ಮೆಲ್ಲಗೆ ಮಾಯವಾಯಿತು. ಆಮೇಲೆ ಮೊಬೈಲ್ ಟಾರ್ಚ್ ಹಾಕಿ ನನ್ನ ಟೈರಿನ ಪಕ್ಕದ ಗೋಡೆಯ ಮಣ್ಣು ಒರೆಸಿ, ಅಂಡಾಕಾರದ ಒಂದು ಚೌಕಟ್ಟಿನ ಮೇಲೆ ಬೆರಳಿಟ್ಟ. ಒಳಗೆ 3117 ಅಂತ ಇತ್ತು. "ರೈಟ್ರೇ, ಇದು 2017ರ 31ನೇ ವಾರದ ಮಾಲು. ನೀವು ಯಾವಾಗ ತಗೊಂಡ್ರಿ?" ಅಂದ.

ನಾನು ತೆಗೆದುಕೊಂಡಿದ್ದು 2021ರಲ್ಲಿ, ದೂರದ ಊರಿನ ಒಂದು ಅಂಗಡಿಯಲ್ಲಿ. ಜೋಡಿಗೆ ರೇಟು ಕಮ್ಮಿ ಅಂತ ಖುಷಿಯಾಗಿ ತಂದಿದ್ದೆ. ಕಮ್ಮಿ ಯಾಕೆ ಅಂತ ಈಗ ಗೊತ್ತಾಯಿತು. ಎರಡು ಮಳೆಗಾಲ ಅದೇ ಟೈರಿನಲ್ಲಿ ಕಳೆದಿದ್ದೆ. ನಡುವೆ ಸಣ್ಣಪುಟ್ಟದಾಗಿ ಜಾರಿತ್ತು. ಆಗೆಲ್ಲ ರಸ್ತೆಗೆ ಬೈದಿದ್ದೆ, ಅಷ್ಟೇ.

ರಬ್ಬರು ಓಡಿಸದೇ ಇಟ್ಟರೂ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಚಳಿಗೆ ಇನ್ನಷ್ಟು ಬಿಗಿಯುತ್ತದೆ. ಟಾರಿನ ಸಣ್ಣ ಸಣ್ಣ ಉಬ್ಬುತಗ್ಗಿನ ಒಳಗೆ ರಬ್ಬರು ಇಳಿದು ಕೂತರೆ ಮಾತ್ರ ಹಿಡಿತ. ಗೀರಿನ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಇಬ್ಬನಿಯ ರಸ್ತೆಯಲ್ಲಿ ತಳ್ಳುವಷ್ಟು ನೀರೇ ಇರುವುದಿಲ್ಲ, ಅಲ್ವಾ? ಅಲ್ಲಿ ಕಾಪಾಡಬೇಕಾದ್ದು ರಬ್ಬರಿನ ಮೆತ್ತನೆ ಗುಣ. ನನ್ನ ಟೈರಿನಲ್ಲಿ ಅದೇ ಇರಲಿಲ್ಲ.

ಹೊಸದು ತೆಗೆದುಕೊಳ್ಳುವಾಗ ತಲೆ ಕೆಡಿಸಿಕೊಂಡಿದ್ದು ಸ್ವಲ್ಪ ಅಲ್ಲ. ತೋಟದ ಮಣ್ಣುದಾರಿ ಇದೆಯಲ್ಲ ಅಂತ ಮೊದಲು ಮೈತುಂಬ ರಬ್ಬರಿನ ಗುಬುಟು ಇರುವ ಬಟನ್ ಟೈರಿನ ಮೇಲೆ ಕಣ್ಣು ಬಿತ್ತು. ಪಕ್ಕದ ತೋಟದ ಹುಡುಗನ ಗಾಡಿಯಲ್ಲಿ ಅಂಥದ್ದಿತ್ತು, ಕೇಳಿ ಒಂದು ದಿನ ಓಡಿಸಿದೆ. ಗೊಬ್ಬರದ ಶೆಡ್ಡಿನ ಕೆಸರಿನಲ್ಲಿ ಎತ್ತಿನ ಹಾಗೆ ಎಳೆಯಿತು. ಆದರೆ ಚಾರ್ಮಾಡಿ ಘಾಟಿಯ ಒದ್ದೆ ತಿರುವಿನಲ್ಲಿ ಗಾಡಿ ವಾಲಿಸಿದರೆ ಕೆಳಗೆ ಏನೋ ಅಲುಗಾಡಿದ ಹಾಗಾಗುತ್ತದೆ. ಟಾರಿಗೆ ತಾಗುವುದು ಬಟನ್‌ಗಳ ತಲೆ ಮಾತ್ರ. ನಡುವಿನ ಜಾಗವೆಲ್ಲ ಖಾಲಿ. ನನ್ನ ಓಡಾಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಟಾರು, ಹಾಗಾಗಿ ಅದನ್ನು ಬಿಟ್ಟೆ.

ಬೆಂಗಳೂರಿನಲ್ಲಿರುವ ಭಾವಮೈದ ರೇಸ್ ಬೈಕಿನ ಥರದ ಟೈರು ಹಾಕಿಸಿ ಅಂದ. ಅಂಥ ಟೈರು ಬಿಸಿಯಾದಮೇಲೆ ಹಿಡಿಯುತ್ತದೆ. 14 ಡಿಗ್ರಿಯ ಬೆಳಗ್ಗೆ, ಒದ್ದೆ ರಸ್ತೆಯಲ್ಲಿ, 40ರ ಸ್ಪೀಡಿನಲ್ಲಿ ಅದು ಬಿಸಿಯಾಗುವುದು ಯಾವಾಗ?

ಕೊನೆಗೆ ಆರಿಸಿದ್ದು ಸಿಲಿಕಾ ಬೆರೆಸಿದ ರಬ್ಬರಿನ ರೋಡ್ ಟೈರು. ಸಿಲಿಕಾ ಇದ್ದರೆ ಚಳಿಯಲ್ಲೂ ರಬ್ಬರು ಮೆತ್ತಗಿರುತ್ತದೆ, ಒದ್ದೆಯಲ್ಲಿ ಹಿಡಿಯುತ್ತದೆ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಎಂಆರ್‌ಎಫ್, ಸಿಯಟ್, ಟಿವಿಎಸ್, ಮಿಶೆಲಿನ್ ಯಾವುದೇ ಇರಲಿ, ಒಂದೇ ಕಂಪನಿಯಲ್ಲೂ ಬೇರೆ ಬೇರೆ ಥರದ ರಬ್ಬರಿನ ಟೈರು ಸಿಗುತ್ತದೆ. "ಜಾಸ್ತಿ ಬಾಳಿಕೆ ಬರುತ್ತೆ" ಅಂತ ಅಂಗಡಿಯವರು ಹೊಗಳಿದರೆ ಅದು ಸಾಮಾನ್ಯವಾಗಿ ಗಟ್ಟಿ ರಬ್ಬರು. ಬಯಲುಸೀಮೆಗೆ ಸರಿ, ನಮಗಲ್ಲ.

ಅಳತೆ ಬದಲಾಯಿಸಲಿಲ್ಲ. ಹಿಂದಿನ ಚಕ್ರದ್ದು 100/90-18. ಅಂದರೆ ಅಗಲ 100 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 90 ಪಾಲು, ರಿಮ್ಮು 18 ಇಂಚು. ಹುಡುಗರು ಇದೇ ರಿಮ್ಮಿಗೆ 120, 130ರ ದಪ್ಪ ಟೈರು ತುರುಕುತ್ತಾರೆ. ರಿಮ್ಮು ಕಿರಿದಾಗಿ ಟೈರಿನ ಆಕಾರವೇ ಕೆಡುತ್ತದೆ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ನಿಂತ ನೀರನ್ನು ಸೀಳಿ ಹೋಗುವುದೂ ಸಣ್ಣ ಟೈರೇ.

ದುಡ್ಡು ಕಮ್ಮಿ ಇದ್ದರೆ ಹಿಂದಿನದನ್ನು ಮಾತ್ರ ಹಾಕಿಸುವ ರೂಢಿ ನಮ್ಮಲ್ಲಿದೆ, ಬೇಗ ಸವೆಯುವುದು ಅದೇ ತಾನೇ. ನನ್ನ ಮಟ್ಟಿಗೆ ಅದು ಉಲ್ಟಾ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಯೋಚನೆ ಮಾಡುವ ಮೊದಲೇ ನೆಲದ ಮೇಲಿರುತ್ತೀರಿ. ನಾನು ಎರಡೂ ಹಾಕಿಸಿದೆ. ಅಂಗಡಿಯಲ್ಲಿ ತಾರೀಖು ತೋರಿಸಿ ಅಂದಾಗ ಅವರು ಬಿಸ್ಕತ್ ಪ್ಯಾಕೆಟ್ಟಿಗೆ ಕೇಳಿದ ಹಾಗೆ ನಕ್ಕರು. ಅವರು ಮೊದಲು ತಂದು ತೋರಿಸಿದ ಜೋಡಿ ಹಳೇ ಮಾಲು, ವಾಪಸ್ ಕಳಿಸಿದೆ. ಎರಡನೆಯದು ನಾಲ್ಕು ತಿಂಗಳು ಹಳೆಯದು, ಒಪ್ಪಿಕೊಂಡೆ.

ಹೊಸ ಟೈರಿನ ಮೈ ನುಣ್ಣಗೆ ಹೊಳೆಯುತ್ತಿರುತ್ತದೆ. ಅದು ಸ್ವಲ್ಪ ಒರಟಾಗುವವರೆಗೆ, ಸುಮಾರು 100 ಕಿಲೋಮೀಟರ್, ಜೋರು ಬ್ರೇಕು ಬೇಡ, ಜಾಸ್ತಿ ವಾಲಿಸುವುದೂ ಬೇಡ. ಇದನ್ನು ಜೂನ್ ಮಳೆಯಲ್ಲಿ ಕಲಿಯುವುದಕ್ಕಿಂತ ಮೇ ತಿಂಗಳಲ್ಲೇ ಹಾಕಿಸುವುದು ವಾಸಿ.

ಗಾಳಿಯ ಬಗ್ಗೆ ಮಾತ್ರ ಈಗಲೂ ನಮ್ಮಲ್ಲಿ ಜಗಳ. ಮಳೆಗಾಲದಲ್ಲಿ ಗಾಳಿ ಕಮ್ಮಿ ಇದ್ದರೆ ಗ್ರಿಪ್ ಅಂತ ಅರ್ಧ ಊರು ನಂಬಿದೆ. ಕೆಸರಿನಲ್ಲಿ ಸರಿ. ಒದ್ದೆ ಟಾರಿನಲ್ಲಿ ಗಾಳಿ ಇಳಿಸಿದರೆ ಟೈರು ಚಪ್ಪಟೆಯಾಗಿ ಗೀರುಗಳು ಮುಚ್ಚಿಕೊಳ್ಳುತ್ತವೆ, ನೀರಿನ ಮೇಲೆ ತೇಲುವುದು ಇನ್ನೂ ಬೇಗ. ನಾನು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಹಾಕಿಸುತ್ತೇನೆ, ಅದೂ ಟೈರು ತಣ್ಣಗಿರುವಾಗ. ಮಧ್ಯಾಹ್ನದ 26 ಡಿಗ್ರಿಯಲ್ಲಿ ಸರಿಯಾಗಿದ್ದ ಗಾಳಿ 14 ಡಿಗ್ರಿಯ ಬೆಳಗ್ಗೆ ಹೆಚ್ಚುಕಮ್ಮಿ 2 ಪಾಯಿಂಟ್ (ಪಿಎಸ್‌ಐ) ಇಳಿದಿರುತ್ತದೆ. 600 ರೂಪಾಯಿಯ ಗೇಜ್ ಒಂದು ತಂದಿಟ್ಟುಕೊಂಡಿದ್ದೇನೆ, ಹಾಜರಿ ಪುಸ್ತಕದ ಜೊತೆ ಅದೂ ಬ್ಯಾಗಿನಲ್ಲಿರುತ್ತದೆ.

ಮೆತ್ತನೆ ರಬ್ಬರಿನ ತೊಂದರೆಯೂ ಹೇಳಬೇಕು. ಹಿಂದಿನ ಟೈರಿನ ನಡುಭಾಗ ಆಗಲೇ ಚಪ್ಪಟೆಯಾಗಿದೆ. ಗೀರಿನ ತಳದಲ್ಲಿ ಸವೆತದ ಗುರುತಿಗೆ ಅಂತ ಇರುವ ಸಣ್ಣ ದಿಬ್ಬ ಇನ್ನೇನು ಮೇಲ್ಮಟ್ಟಕ್ಕೆ ಬರುತ್ತದೆ. ಹಳೆಯದರ ಅರ್ಧ ಬಾಳಿಕೆ ಬಂದರೆ ಹೆಚ್ಚು. ಮನೆಯವಳು ಲೆಕ್ಕ ಕೇಳಿದಳು. ಮೊಣಕೈಯ ಕಲೆ ತೋರಿಸಿದೆ.

ಈಗ ಯಾರ ಗಾಡಿ ಕಂಡರೂ ಬಗ್ಗಿ ನಾಲ್ಕು ಅಂಕಿ ಓದುವ ಚಟ ಅಂಟಿಕೊಂಡಿದೆ. ಮೊನ್ನೆ ಸಾಹುಕಾರ್ರ ಜೀಪಿನ ಸ್ಟೆಪ್ನಿ ನೋಡಿದೆ. 2209. ಅವರಿಗೆ ಇನ್ನೂ ಹೇಳಿಲ್ಲ.