ಝೀಟಾ ಸೊನ್ನೆಗಳ ಅಂತರ: ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಅಳೆದು ನೋಡಿ

ರೀಮನ್ ಝೀಟಾ ಅಂದರೆ ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಜೊತೆ ನಂಟಿರುವ ಒಂದು ಫಂಕ್ಷನ್; ಅದರ ಬೆಲೆ ಸೊನ್ನೆ ಆಗುವ ಜಾಗಗಳೇ ಅದರ ಸೊನ್ನೆಗಳು. ಅವು ಎಷ್ಟೆಷ್ಟು ದೂರದಲ್ಲಿ ಕೂತಿವೆ ಅಂತ ನೋಡೋಕೆ ದೊಡ್ಡ ಕಂಪ್ಯೂಟರ್ ಏನೂ ಬೇಡ. ಪೈಥಾನ್ ಇದ್ದು, ಎಂಪಿಮ್ಯಾತ್ (mpmath) ಎಂಬ ಗಣಿತದ ಲೈಬ್ರರಿ ಹಾಕಿಕೊಂಡರೆ ಸಾಕು. ಅದರ ಝೀಟಾಝೀರೋ (zetazero) ಫಂಕ್ಷನ್‌ಗೆ 1 ಅಂತ ಕೊಡಿ. 14.1347 ಬರುತ್ತದೆ, ಅಂದರೆ ಮೊದಲ ಸೊನ್ನೆಯ ಇಮ್ಯಾಜಿನರಿ ಭಾಗ. 2 ಕೊಟ್ಟರೆ 21.0220. ರಿಯಲ್ ಭಾಗ ಎರಡರಲ್ಲೂ 0.5, ಅದನ್ನು ಬಿಟ್ಟುಬಿಡಿ. ಹೀಗೆ 1000 ಸೊನ್ನೆ ತೆಗೆದಿಟ್ಟುಕೊಳ್ಳಿ. ಕಾಯೋಕೆ ಬೇಜಾರಾದರೆ ಗಣಿತಜ್ಞ ಆಂಡ್ರ್ಯೂ ಒಡ್ಲಿಜ್ಕೊ ಮೊದಲ 1,00,000 ಸೊನ್ನೆಗಳ ಪಟ್ಟಿಯನ್ನೇ ನೆಟ್‌ನಲ್ಲಿ ಹಾಕಿದ್ದಾರೆ, ಅದನ್ನು ಇಳಿಸಿಕೊಳ್ಳಿ.

ಈಗ ಒಂದರಿಂದ ಇನ್ನೊಂದನ್ನು ಕಳೆದು ನೇರ ಗ್ರಾಫ್ ಹಾಕಬೇಡಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ, ಬಂದಿದ್ದು ಕಲಸುಮೇಲೋಗರ. ಯಾಕಂದ್ರೆ ಮೇಲೆ ಹೋದಂತೆ ಸೊನ್ನೆಗಳು ಒತ್ತೊತ್ತಾಗುತ್ತವೆ: ಮೊದಲ ಅಂತರ 6.89, ಸಾವಿರದ ಹತ್ತಿರ ಸರಾಸರಿ ಸುಮಾರು 1.16. ಹಾಗಾಗಿ ಸೊನ್ನೆ ಟಿ ಎಂಬಲ್ಲಿದ್ದರೆ, ಟಿಯನ್ನು 2π ಇಂದ ಭಾಗಿಸಿ, ಅದರ ಲಾಗ್ ತೆಗೆದು, ಅದನ್ನು ಮತ್ತೆ 2π ಇಂದ ಭಾಗಿಸಿ, ಬಂದಿದ್ದರಿಂದ ಅಂತರವನ್ನು ಗುಣಿಸಿ. 6.89 ಇದ್ದದ್ದು 0.89 ಆಗುತ್ತದೆ. ಎಲ್ಲದರ ಸರಾಸರಿ 1ರ ಆಸುಪಾಸು ಇರಬೇಕು. 0.43 ಬಂತಾ? ನೀವು ನ್ಯಾಚುರಲ್ ಲಾಗ್ ಬದಲು 10ರ ಲಾಗ್ ಹಾಕಿದ್ದೀರಿ.

ಆಮೇಲೆ 0.1 ಅಗಲದ ಕಂಬಗಳಲ್ಲಿ ಹಿಸ್ಟೋಗ್ರಾಂ ಹಾಕಿ, ಎಡಮೂಲೆ ನೋಡಿ. ಮಜಾ ಇರುವುದೇ ಅಲ್ಲಿ. ಸೊನ್ನೆಗಳು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದರೆ, ಸಾವಿರ ಅಂತರಗಳಲ್ಲಿ ಸುಮಾರು 95 ಮೊದಲ ಕಂಬದಲ್ಲೇ ಇರಬೇಕಿತ್ತು. ಆದರೆ ಆ ಕಂಬ ಹೆಚ್ಚುಕಡಿಮೆ ಖಾಲಿ! ಸೊನ್ನೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಅದರ ಮೇಲೆ (32/π²)ಸ²·ಇ^(−4ಸ²/π) ಗೆರೆ ಎಳೆಯಿರಿ, ಇಲ್ಲಿ ಸ ಅಂದರೆ ಹೀಗೆ ಗುಣಿಸಿ ಸರಿಪಡಿಸಿದ ಅಂತರ, ಇ ಅಂದರೆ ನ್ಯಾಚುರಲ್ ಲಾಗ್‌ನ ಆಧಾರ ಸಂಖ್ಯೆ. ಇದು ಅಂದಾಜು ಸೂತ್ರ, ಆದರೂ ಕಣ್ಣಿಗೆ ಚೆನ್ನಾಗೇ ಹೊಂದುತ್ತದೆ.

ಈ ಗೆರೆ ಬಂದಿದ್ದು ದೊಡ್ಡ ಪರಮಾಣು ಬೀಜಗಳ ಶಕ್ತಿಮಟ್ಟ ಲೆಕ್ಕಹಾಕುವ ರ್‍ಯಾಂಡಮ್ ಮ್ಯಾಟ್ರಿಕ್ಸ್‌ಗಳಿಂದ, ಅಂದರೆ ಮನಬಂದಂತೆ ಆರಿಸಿದ ಸಂಖ್ಯೆಗಳನ್ನು ತುಂಬಿದ ಚೌಕಗಳಿಂದ. 1972ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಟೀ ಹೊತ್ತಿಗೆ ಗಣಿತಜ್ಞ ಹ್ಯೂ ಮಾಂಟ್‌ಗೊಮರಿ ಸೊನ್ನೆಗಳ ಜೋಡಿಗಳ ಅಂತರದ ಬಗ್ಗೆ ತಮ್ಮ ಸೂತ್ರ ಹೇಳಿದಾಗ, ಅದು ಆ ಮ್ಯಾಟ್ರಿಕ್ಸ್‌ಗಳದ್ದೇ ಅಂತ ಭೌತವಿಜ್ಞಾನಿ ಫ್ರೀಮನ್ ಡೈಸನ್ ತಕ್ಷಣ ಗುರುತು ಹಿಡಿದರು. ಅವರಿಬ್ಬರನ್ನು ಪರಿಚಯ ಮಾಡಿಸಿದ್ದು ಗಣಿತಜ್ಞ ಸರ್ವದಮನ ಚೌಲಾ. 1987ರಲ್ಲಿ ಒಡ್ಲಿಜ್ಕೊ 10¹²ನೇ ಸೊನ್ನೆಯ ಹತ್ತಿರ ಲೆಕ್ಕ ಹಾಕಿ ತೋರಿಸಿದರು, ಅಲ್ಲೂ ಸಖತ್ತಾಗಿ ಹೊಂದಿತು. ಯಾಕೆ ಹೀಗೆ ಅನ್ನುವ ಪೂರ್ತಿ ಗಣಿತದ ಪುರಾವೆ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಹಾಗಂತ ಸೊನ್ನೆಗಳು ಹತ್ತಿರ ಬರುವುದೇ ಇಲ್ಲ ಅಂದ್ಕೋಬೇಡಿ. ಝೀಟಾಝೀರೋಗೆ 6709, 6710 ಕೊಟ್ಟು ನೋಡಿ: 7005.063, 7005.101. ಗಣಿತಜ್ಞ ಲೆಹ್ಮರ್ ಕಂಡುಹಿಡಿದ ಜೋಡಿ ಇದು. ಸರಿಪಡಿಸಿದ ಅಂತರ ಬರೀ 0.042. ಅದೇ ಲೈಬ್ರರಿಯ ಸೀಗೆಲ್‌ಝೆಡ್ (siegelz) ಫಂಕ್ಷನ್ನಿನಿಂದ (ಝೀಟಾ ಸೊನ್ನೆ ಆದಲ್ಲೆಲ್ಲ ಇದರ ಗೆರೆ ಅಡ್ಡರೇಖೆ ಮುಟ್ಟುತ್ತದೆ) ಅಲ್ಲಿನ ಗ್ರಾಫ್ ಬರೆಸಿದರೆ, ಗೆರೆ ಅಡ್ಡರೇಖೆ ದಾಟಿ 0.004ರಷ್ಟು ಮಾತ್ರ ಆಚೆ ಹೋಗಿ ವಾಪಸ್ ಬರುತ್ತದೆ. ಜೂಮ್ ಮಾಡದಿದ್ದರೆ ಸುಮ್ನೆ ತಾಗಿ ಹೋದ ಹಾಗೆ ಕಾಣುತ್ತದೆ.