ವಿಮೆ ಕೆಲಸ ಗೊತ್ತಿದೆಯೇ? ವಿದೇಶಕ್ಕೆ ಹೊರಡುವ ಮೊದಲು ಇಷ್ಟು ಮಾಡಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ವಿಮೆಯಲ್ಲಿ ನಾಲ್ಕಾರು ವರ್ಷ ಪಳಗಿದವರಿಗೆ ‘ದುಬೈಗೆ ಹೋದರೆ ಹೆಂಗೆ?’ ಅನ್ನಿಸುವುದು ಸಹಜ. ಹೋಗಬಹುದು. ಆದರೆ ವಿಮಾ ಏಜೆಂಟರ ಐಸಿ-38 ಪರೀಕ್ಷೆ ಬರೆದು ಪಡೆದ ಏಜೆನ್ಸಿ ನಡೆಯುವುದು ಭಾರತದಲ್ಲಿ ಮಾತ್ರ.

ಹಾಗಾಗಿ ಮೊದಲು ನಿಮ್ಮ ಅನುಭವವನ್ನು ಬಿಡಿಸಿ ನೋಡಿ. ಪಾಲಿಸಿ ಮಾರಾಟ ನಿಂತಿರುವುದು ಪರಿಚಯದ ಮೇಲೆ. ಬೆಟಗೇರಿಯ ಗಿರಾಕಿ ಮಸ್ಕತ್‌ಗೆ ಬರುವುದಿಲ್ಲ, ಅಲ್ವಾ? ಕ್ಲೇಮ್, ಅಂಡರ್‌ರೈಟಿಂಗ್ (ಅಪಾಯ ಅಳೆದು ವಿಮೆ ಕೊಡಬೇಕೇ, ಎಷ್ಟು ಕಂತಿಗೆ ಎಂದು ತೀರ್ಮಾನಿಸುವುದು) ಹಾಗಲ್ಲ. ಲಾರಿ ಪಲ್ಟಿಯಾದಾಗ ಯಾವ ಕಾಗದ ಕೇಳಬೇಕು, ಗ್ಯಾರೇಜಿನ ಎಸ್ಟಿಮೇಟ್‌ನಲ್ಲಿ ಯಾವುದನ್ನು ಕಡಿಯಬೇಕು ಎಂಬ ತಿಳಿವಳಿಕೆ ಎಲ್ಲಾ ಕಡೆ ಬೇಕು. ಸಿವಿಯಲ್ಲಿ ಸುಮ್ನೆ ‘ವಿಮೆಯಲ್ಲಿ ಎಂಟು ವರ್ಷ’ ಎಂದು ಬರೆಯಬೇಡಿ. ಮೋಟಾರು, ಬೆಂಕಿ, ಸರಕು ಸಾಗಣೆ, ಆರೋಗ್ಯ: ಯಾವ ವಿಭಾಗ, ಎಷ್ಟು ಮೊತ್ತದ ಕ್ಲೇಮ್‌ವರೆಗೆ ನಿಮ್ಮ ಸಹಿ ನಡೆಯುತ್ತಿತ್ತು ಎಂದು ತಿಳಿಸಿ. ಹಾವೇರಿಯಲ್ಲಿ ಬೆಳೆ ವಿಮೆ ನೋಡಿಕೊಂಡವರಿಗೆ ಮರುಭೂಮಿಯಲ್ಲಿ ಅದರಿಂದ ಲಾಭ ಕಡಿಮೆ. ಕೆನಡಾದ ಗೋಧಿ ಸೀಮೆಯಲ್ಲಿ ಬೆಳೆ ವಿಮೆ ದೊಡ್ಡದಾಗಿಯೇ ನಡೆಯುತ್ತದೆ. ಈ ವಿವರಗಳೆಲ್ಲ ಇರುವ ಅನುಭವ ಪತ್ರವನ್ನು ರಾಜೀನಾಮೆಗೆ ಮೊದಲೇ ಬರೆಸಿಕೊಳ್ಳಿ. ಬಿಟ್ಟ ಮೇಲೆ ಯಾರೂ ಪುರಸೊತ್ತು ಮಾಡಿಕೊಳ್ಳುವುದಿಲ್ಲ.

ಆಮೇಲೆ ಓದು. ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಅಸೋಸಿಯೇಟ್ ಅಥವಾ ಫೆಲೋಶಿಪ್ ಪರೀಕ್ಷೆಯನ್ನು ಇಲ್ಲಿದ್ದಾಗಲೇ ಮುಗಿಸಿ. ಬ್ರಿಟನ್, ಕೊಲ್ಲಿ ದೇಶಗಳಲ್ಲಿ ಲಂಡನ್ನಿನ ಚಾರ್ಟರ್ಡ್ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್‌ನ ಅಸೋಸಿಯೇಟ್ ಅರ್ಹತೆಗೂ (ಎಸಿಐಐ) ಬೆಲೆ ಇದೆ. ಹಿಂದಿನ ಓದಿಗೆ ಅಲ್ಲಿ ಕ್ರೆಡಿಟ್, ಅಂದರೆ ಕೆಲವು ಪರೀಕ್ಷೆಗಳಿಂದ ವಿನಾಯಿತಿ ಕೇಳಬಹುದು. ಕೇಳದೆ ಮೊದಲ ಪರೀಕ್ಷೆಯಿಂದ ಶುರು ಮಾಡುವುದು ದುಡ್ಡು ದಂಡ.

ಈಗ ದೇಶ ಆರಿಸಿ. ಕೊಲ್ಲಿಯಲ್ಲಿ ನಮ್ಮ ನ್ಯೂ ಇಂಡಿಯಾ ಅಶೂರೆನ್ಸ್ ಇದೆ. ಬಹರೇನಿನಲ್ಲಿ 1989ರಿಂದ ಎಲ್‌ಐಸಿ ಇಂಟರ್‌ನ್ಯಾಷನಲ್ ಇದೆ. ಕೆನಡಾದಲ್ಲಿ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯ. ಒಂಟಾರಿಯೊದಲ್ಲಿ ಜೀವವಿಮೆ ಮಾರಬೇಕಾದರೆ ಎಲ್‌ಎಲ್‌ಕ್ಯೂಪಿ ಎಂಬ ಜೀವವಿಮೆ ಲೈಸೆನ್ಸ್ ಕೋರ್ಸ್ ಮಾಡಿ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಹೋಗುವವರಿಗೆ ಕೊಲ್ಲಿಯ ಕ್ಲೇಮ್ ವಿಭಾಗವೇ ವಾಸಿ ಎಂಬುದು ನನ್ನ ಲೆಕ್ಕ.

ಕಾಗದಪತ್ರಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರವನ್ನು ಯುಎಇಗೆ ಒಯ್ಯುವುದಾದರೆ ಮೊದಲು ರಾಜ್ಯದಲ್ಲಿ, ನಂತರ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಆ ದೇಶದ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು. ಒಮಾನ್, ಬಹರೇನ್‌ಗೆ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕು; ಅಪಾಸ್ಟಿಲ್ ಒಪ್ಪಂದದಲ್ಲಿರುವ ದೇಶಗಳು ರಾಯಭಾರ ಕಚೇರಿಯ ದೃಢೀಕರಣವಿಲ್ಲದೆ ಇದನ್ನು ಒಪ್ಪುತ್ತವೆ. ಕೆನಡಾ ಕೂಡ 2024ರಿಂದ ಈ ಒಪ್ಪಂದದಲ್ಲಿದೆ. ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಕೆಲಸ ಕೊಡಿಸುತ್ತೇವೆ ಎನ್ನುವ ಏಜೆನ್ಸಿಯ ಹೆಸರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ನೋಂದಾಯಿತ ಏಜೆನ್ಸಿ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಏಜೆಂಟರಾಗಿದ್ದವರಿಗೆ ಇನ್ನೊಂದು ಕೆಲಸವಿದೆ. ರಿನ್ಯೂವಲ್ ಕಮಿಷನ್ (ಹಳೆಯ ಪಾಲಿಸಿಗಳ ಮುಂದಿನ ಕಂತುಗಳಿಗೆ ಸಿಗುವ ಕಮಿಷನ್) ಮುಂದೆ ಬರುತ್ತದೆಯೇ, ನಿಮ್ಮ ಪಾಲಿಸಿದಾರರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಶಾಖೆಯಿಂದ ಲಿಖಿತವಾಗಿ ಪಡೆಯಿರಿ. ಕೆಲಸಕ್ಕಾಗಿ ಹೊರಗೆ ನೆಲೆಸಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳ ಭಾರತದ ಆದಾಯಕ್ಕಿರುವ ಖಾತೆ) ಬದಲಿಸಬೇಕು. ಇಲ್ಲಿ ಬರುವ ಕಮಿಷನ್ ಅದಕ್ಕೇ ಜಮೆಯಾಗಲಿ.