ಸಿದ್ಧತೆಯೋ ಯತ್ನವೋ: ಕಲಂ 511ರಲ್ಲಿ ನನ್ನ ಅನುಭವ

ಭಾರತೀಯ ದಂಡ ಸಂಹಿತೆಯ ಕಲಂ 511 ಅಪರಾಧದ ಯತ್ನಕ್ಕೆ ಶಿಕ್ಷೆ ಹೇಳುತ್ತಿತ್ತು; ಬರೀ ಸಿದ್ಧತೆಗೆ ಸಾಮಾನ್ಯವಾಗಿ ಶಿಕ್ಷೆಯಿಲ್ಲ. ಕಳವಿನ ಯತ್ನದ ಪ್ರಕರಣಗಳಲ್ಲಿ "ಇದು ಸಿದ್ಧತೆ ಮಾತ್ರ, ಯತ್ನವಲ್ಲ" ಎಂಬ ವಾದವನ್ನೇ ಮುಂದಿಡಲು ನಾನು ಹೊರಟಾಗ ಜಮಖಂಡಿಯ ಹಿರಿಯ ವಕೀಲರು ಯಾರೂ ಒಪ್ಪಲಿಲ್ಲ. ಹಾಗೆ ವಾದಿಸಿದರೆ ಆರೋಪಿ ಸ್ಥಳದಲ್ಲಿದ್ದದ್ದನ್ನು ನಾವೇ ಒಪ್ಪಿಕೊಂಡಂತಾಗುತ್ತದೆ, ಎಲ್ಲವನ್ನೂ ನಿರಾಕರಿಸಿ ಪಂಚನಾಮೆಗೆ ಸಹಿ ಹಾಕಿದ ಪಂಚರು ಪೊಲೀಸರ ಮಾತಿಗೆ ತಿರುಗಿಬಿದ್ದು ಪ್ರತಿಕೂಲ ಸಾಕ್ಷಿಯಾಗುವುದನ್ನು ಕಾಯುವುದೇ ಲೇಸು ಎಂಬುದು ಅವರ ಲೆಕ್ಕ.

ಮೊದಲೆರಡು ಪ್ರಕರಣಗಳಲ್ಲಿ ಅವರ ಮಾತೇ ಗೆದ್ದಿತು. ಒಂದರಲ್ಲಿ ಪಂಪ್‌ಸೆಟ್ಟಿನ ಕೇಬಲ್ ಅರ್ಧ ಕತ್ತರಿಸಿಹೋಗಿತ್ತು. ಇನ್ನೊಂದರಲ್ಲಿ ಒಡೆದ ಪೆಟ್ಟಿಗೆ ಖಾಲಿಯಿತ್ತು. ಖಾಲಿ ಪೆಟ್ಟಿಗೆ ಒಡೆಯುವುದೂ ಯತ್ನವೇ ಎಂಬುದು 511ರಲ್ಲೇ ಕೊಟ್ಟಿರುವ ದೃಷ್ಟಾಂತವಾದ್ದರಿಂದ ನ್ಯಾಯಾಧೀಶರು ನನ್ನಿಂದಲೇ ಅದನ್ನು ಓದಿಸಿದರು. ಆ ಕಕ್ಷಿದಾರನ ಫೀಸಿನ ಎರಡನೆಯ ಕಂತು ಇಂದಿಗೂ ಬಂದಿಲ್ಲ.

ಮೂರನೆಯದು ಕೃಷ್ಣಾ ತೀರದ ಒಂದು ಪಂಪ್‌ಹೌಸಿನದು. ರಾತ್ರಿ ಮೂವರು ಸಲಾಕೆ, ಕೇಬಲ್ ಕಟ್ಟರ್, ಗೋಣಿಚೀಲದ ಸಮೇತ ಸಿಕ್ಕಿದ್ದರು. ರಾತ್ರಿ ಮನೆ ಅಥವಾ ಕಟ್ಟಡಕ್ಕೆ ಅತಿಕ್ರಮವಾಗಿ ನುಗ್ಗುವ 457, ಕಟ್ಟಡದೊಳಗಿನ ಕಳವಿನ 380ರ ಜೊತೆ 511. ಕಳವಿನ ಉದ್ದೇಶದ 457ಕ್ಕೆ ಗರಿಷ್ಠ 14 ವರ್ಷ; ಯತ್ನಕ್ಕೆ 511ರಂತೆ ಅದರ ಅರ್ಧವೆಂದರೂ 7 ವರ್ಷ. ಐವರಿದ್ದಿದ್ದರೆ 399ರಲ್ಲಿ ಡಕಾಯಿತಿಯ ಸಿದ್ಧತೆಯೇ ಅಪರಾಧವಾಗಿ ನನ್ನ ವಾದ ಅಲ್ಲಿಗೇ ಮುಗಿಯುತ್ತಿತ್ತು. ಪಂಚನಾಮೆಯ ಮೂಲೆಯಲ್ಲಿ "ಬೀಗ ಸುಸ್ಥಿತಿಯಲ್ಲಿದೆ" ಎಂಬ ಒಂದು ಸಾಲಿತ್ತು, ಆದರೆ ನಕಾಶೆಯಲ್ಲಿ ಅವರನ್ನು ಹಿಡಿದ ಜಾಗಕ್ಕೂ ಬಾಗಿಲಿಗೂ ಇರುವ ಅಂತರವನ್ನೇ ನಮೂದಿಸಿರಲಿಲ್ಲ. ಖಾಸಗಿ ಭೂಮಾಪಕರಿಗೆ ಹತ್ತಿರಹತ್ತಿರ 3,000 ರೂಪಾಯಿ ಕೈಯಿಂದಲೇ ಕೊಟ್ಟು ಅಳೆಸಿದೆ. ಹಿಡಿದ ಬದುವಿನಿಂದ ಬಾಗಿಲಿಗೆ 40 ಮೀಟರಿನಷ್ಟು ಬಂತು. ಅಮಾವಾಸ್ಯೆಯ ಆಸುಪಾಸಿನಲ್ಲಿ ಅದೇ ಬದುವಿನ ಮೇಲೆ ನಿಂತು ಬೀಗ ಕಾಣುತ್ತದೆಯೇ ಎಂದೂ ನೋಡಿದೆ. ಕಾಣಲಿಲ್ಲ, ಆದರೆ ವಾದದಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ದೆಹಲಿ ಗಡಿ ದಾಟುವ ಮುನ್ನ ಪಂಜಾಬಿನೊಳಗೇ ಭತ್ತದ ಲಾರಿ ಸಿಕ್ಕಿಬಿದ್ದ ಮಲ್ಕಿಯತ್ ಸಿಂಗ್ ಪ್ರಕರಣದಲ್ಲಿ ಅದು ಸಿದ್ಧತೆ ಮಾತ್ರ ಎಂದ ಸುಪ್ರೀಂ ಕೋರ್ಟಿನ ತೀರ್ಪು ನನ್ನ ಆಧಾರ. ಸರ್ಕಾರಿ ಅಭಿಯೋಜಕರು ನಿರೀಕ್ಷೆಯಂತೆ ಬೆಳ್ಳಿಯ ಕಳ್ಳಸಾಗಣೆಯಲ್ಲಿ ಯತ್ನ ನಡೆದಿದೆ ಎಂದ 1980ರ ಮೊಹಮ್ಮದ್ ಯಾಕೂಬ್ ತೀರ್ಪನ್ನು ತಂದರು. ಅಲ್ಲಿ ಬೆಳ್ಳಿಯ ಗಟ್ಟಿಗಳು ಸಮುದ್ರದ ಖಾರಿಯ (ಕಿರುಕೊಲ್ಲಿಯ) ದಡ ಮುಟ್ಟಿದ್ದವು, ದೋಣಿಯ ಎಂಜಿನ್ ಸದ್ದೂ ಕೇಳಿತ್ತು. ಇಲ್ಲಿ ಗೋಣಿಚೀಲದ ಬಾಯಿಯನ್ನೂ ಬಿಚ್ಚಿರಲಿಲ್ಲ ಎಂದು ತನಿಖಾಧಿಕಾರಿಯ ಬಾಯಿಂದಲೇ ಹೇಳಿಸಿದೆ. ಪಾಟೀಸವಾಲಿನಲ್ಲಿ ಅಂತರವನ್ನು ಮೊದಲು ಕೇಳಬೇಕೋ ಬೀಗವನ್ನೋ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂವರೂ ಖುಲಾಸೆಯಾದರು.

ಇದೇ ದಾರಿಯನ್ನು 307ರ, ಅಂದರೆ ಕೊಲೆ ಯತ್ನದ, ಒಂದು ಪ್ರಕರಣದಲ್ಲೂ ಪ್ರಯೋಗಿಸಿ ನೋಡಿದೆ; ಎತ್ತಿದ ಕೊಡಲಿಗೆ ಅಳತೆಪಟ್ಟಿ ಹಿಡಿದು ಪ್ರಯೋಜನವಿಲ್ಲ. ಕೊಲೆ ಯತ್ನವಾಗಲು ಸಾವು ತರುವ ಕೊನೆಯ ಕೃತ್ಯವೇ ನಡೆಯಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟಿನ 1961ರ ಓಂ ಪ್ರಕಾಶ್ ತೀರ್ಪು ಹೇಳಿಯಾಗಿದೆ. ಕಳವಿನ ಯತ್ನಕ್ಕೆ ಮಾತ್ರ, 2024ರ ಜುಲೈ 1ರಿಂದ 511 ಹೋಗಿ ಭಾರತೀಯ ನ್ಯಾಯ ಸಂಹಿತೆಯ ಕಲಂ 62 ಬಂದರೂ, ವಾದ ಬದಲಾಗಿಲ್ಲ. ಮೊದಲು ನಕ್ಕಿದ್ದ ಹಿರಿಯರೊಬ್ಬರು ಈಚೆಗೆ ಮುಧೋಳದ ಒಂದು ಪ್ರಕರಣಕ್ಕೆಂದು ಕಡತ ಕೇಳಿದರು. ತೀರ್ಪಿನ ಪ್ರತಿ ಕೊಟ್ಟೆ, ಪ್ರಶ್ನೆಗಳ ಪಟ್ಟಿ ಕೊಡಲಿಲ್ಲ.